ಅತ್ತೆಯರ ಹಾಡಿಗೆ ಡಿಫ್ ಹಾಕಿದ್ದು

ಎರಡು ಫೈಲುಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೆ ಡಿಫ್ ಏನೂ ಹೇಳುವುದಿಲ್ಲ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಫೈಲುಗಳನ್ನು ಹೋಲಿಸುವ ಈ ಆಜ್ಞೆಯ ಹೆಸರು ಕುಟ್ಟಿ, ಅದರ ಮುಂದೆ ಎರಡು ಫೈಲುಗಳ ಹೆಸರು ಕೊಟ್ಟು ಎಂಟರ್ ಒತ್ತಿದರೆ, ಕರ್ಸರ್ ಒಂದು ಸಾಲು ಕೆಳಗಿಳಿದು ಸುಮ್ಮನೆ ಮಿಣುಕುತ್ತಾ ನಿಲ್ಲುತ್ತದೆ. ‘ಸರಿಯಾಗಿದೆ’ ಎನ್ನುವುದಿಲ್ಲ, ‘ಶಹಬ್ಬಾಸ್’ ಎನ್ನುವುದಿಲ್ಲ. ಮೊದಲ ಸಲ ಹೀಗಾದಾಗ ನಾನು ಯಂತ್ರವೇ ಕೆಟ್ಟಿತೆಂದು ತಿಳಿದು ಐದಾರು ಬಾರಿ ಎಂಟರ್ ಕುಟ್ಟಿದ್ದೆ. ವ್ಯತ್ಯಾಸ ಇದ್ದರೆ ಮಾತ್ರ ಬಾಯಿ ಬಿಡುವ ಈ ಗುಣವನ್ನು ಹಿಂದೆಲ್ಲೋ ಕಂಡಿದ್ದೇನಲ್ಲ ಎಂದು ಯೋಚಿಸಿದಾಗ ನಮ್ಮ ಪ್ರೈಮರಿ ಶಾಲೆಯ ಮೇಷ್ಟರು ನೆನಪಾದರು.

ನಾಗಮಂಗಲದ ಕಡೆಯ ನಮ್ಮೂರಿನ ಶಾಲೆಯಲ್ಲಿ ಅವರು ಕಾಪಿ ಹೊಡೆದವರನ್ನು ಹಿಡಿಯುತ್ತಿದ್ದ ರೀತಿಯೇ ಬೇರೆ. ಸರಿ ಉತ್ತರಗಳನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. “ಸರಿ ಉತ್ರ ಎಲ್ರುಗೂ ಒಂದೇ ಇರ್ತದೆ ಕಣ್ರಲಾ. ತಪ್ಪು ಮಾತ್ರ ಅವರವರ ಸ್ವಂತದ್ದು,” ಎನ್ನುತ್ತಾ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಒಂದೇ ತಪ್ಪು ಎರಡು ಕಡೆ ಹುಟ್ಟಿರುವುದನ್ನು ಬೆರಳಿಟ್ಟು ತೋರಿಸುತ್ತಿದ್ದರು. ಒಮ್ಮೆ ಏಳೆಂಟಲು ಐವತ್ನಾಲ್ಕು ಎಂದು ನಾನೂ ನನ್ನ ಪಕ್ಕದವನೂ ಬರೆದು ಸಿಕ್ಕಿಬಿದ್ದೆವು. ನೋಡಿ ಬರೆದವನು ಅವನು, ಪೆಟ್ಟು ಇಬ್ಬರಿಗೂ ಬಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಈಚೆಗೆ ನನ್ನ ತಂಗಿ, “ಅಣ್ಣ, ನೋಡಿ ಬರೆದವನು ನೀನು. ಮನೆಗೆ ಬಂದು ಅಳ್ತಾ ನೀನೇ ಒಪ್ಕೊಂಡಿದ್ದೆ,” ಎಂದಳು. ಆಮೇಲೆ ನಾನು ಆ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ವಿಶ್ವವಿದ್ಯಾನಿಲಯದಲ್ಲಿ ಜಾನಪದ ಓದಿ ನಾನು ಕಲಿತದ್ದು ಮುಖ್ಯವಾಗಿ ಅನುಮಾನ ಪಡುವುದನ್ನು. ಆ ವಿದ್ಯೆಯನ್ನು ಮೊದಲು ಊರಿನ ಮೇಲೆ, ಆಮೇಲೆ ದೇವರ ಮೇಲೆ ಪ್ರಯೋಗಿಸಿದೆ. ಈಗ ಅದು ತಿರುಗಿ ನನ್ನ ನೆನಪಿನ ಮೇಲೇ ಬಂದು ಕೂತಿದೆ.

ಹಲವು ಕೆಲಸ ಹಿಡಿದು, ಹಿಡಿದಷ್ಟನ್ನೂ ಬಿಟ್ಟು, ಈಗ ಶ್ರೀರಂಗಪಟ್ಟಣದ ಮನೆಯಲ್ಲಿ ಕುಳಿತು ಯಾರ್ಯಾರದೋ ಪುಸ್ತಕಗಳ ಕರಡು ತಿದ್ದುತ್ತೇನೆ. ಲೇಖಕರು ಹೊಸ ಕರಡು ಕಳಿಸಿ, “ಎರಡೇ ಎರಡು ಪದ ಬದಲಾಯಿಸಿದ್ದೇನೆ” ಎನ್ನುತ್ತಾರೆ. ತೆಗೆದು ನೋಡಿದರೆ ಒಂದು ಅಧ್ಯಾಯವೇ ಮಾಯವಾಗಿರುತ್ತದೆ. ಈ ಸಂಕಟವನ್ನು ಬಸ್ ಸ್ಟ್ಯಾಂಡ್ ಬಳಿಯ ನಯಾಜನ ಅಂಗಡಿಯಲ್ಲಿ ತೋಡಿಕೊಂಡೆ. ಅವನದು ಜೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿಗಳ ಅಂಗಡಿ. ಕಂಪ್ಯೂಟರ್ ಡಿಪ್ಲೊಮಾ ಮಾಡಿದ ಬುದ್ಧಿವಂತ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು.

“ಕ್ಯಾ ಸಾರ್, ಎರಡೂ ಕಾಗದ ಕಿಟಕಿಗೆ ಹಿಡಿದು ನೋಡ್ತೀರಾ ಈ ಕಾಲದಲ್ಲಿ?” ಎಂದು ಅವನು ಕಪ್ಪು ಪರದೆ ತೆರೆದ. “ಇದಕ್ಕೆ ಡಿಫ್ ಅಂತಾರೆ. ಮೊದಲನೇ ಫೈಲಲ್ಲಿ ಮಾತ್ರ ಇರೋ ಸಾಲಿಗೆ ಬಾಣ ಎಡಕ್ಕೆ, ಎರಡನೇದರಲ್ಲಿ ಮಾತ್ರ ಇರೋದಕ್ಕೆ ಬಾಣ ಬಲಕ್ಕೆ. ಎರಡರಲ್ಲೂ ಇರೋದನ್ನ ತೋರ್ಸೋದೇ ಇಲ್ಲ.”

“ಯಾವುದು ಸರಿ ಅಂತ ಹೇಳುತ್ತದಾ?”

“ಅದಕ್ಯಾಕೆ ಸಾರ್ ಆ ಉಸಾಬರಿ? ಇದು ಅಂಗಿದೆ, ಅದು ಇಂಗಿದೆ ಅಂತದೆ, ಖತಂ. ಫೈಸಲಾ ನೀವೇ ಮಾಡ್ಕಬೇಕು.”

ಇದಕ್ಕೊಬ್ಬ ತಮ್ಮನೂ ಇದ್ದಾನೆ. ಅವನ ಹೆಸರು ಸಿಎಂಪಿ. ಅವನೂ ಎರಡು ಫೈಲುಗಳನ್ನು ಹೋಲಿಸುತ್ತಾನೆ. ಆದರೆ ಮೊದಲ ವ್ಯತ್ಯಾಸ ಕಂಡ ಕೂಡಲೇ, ಇಷ್ಟನೇ ಸಾಲಿನಲ್ಲಿ ತಪ್ಪಿದೆ ಎಂದು ಕೂಗಿ ಎದ್ದು ಹೋಗುತ್ತಾನೆ. ಮುಂದಿನದನ್ನು ಓದುವ ವ್ಯವಧಾನ ಅವನಿಗಿಲ್ಲ. ನಾನು ಈ ತಮ್ಮನನ್ನು ಒಂದು ದಿನ ಬಳಸಿ ಬೇಸತ್ತು, ಅಣ್ಣನನ್ನೇ ನೆಚ್ಚಿಕೊಂಡೆ.

ಇಷ್ಟೆಲ್ಲ ಹೇಳಿದ್ದು ನನ್ನ ಮಗಳು ಚೈತ್ರಳ ಮದುವೆಯ ವಿಷಯಕ್ಕೆ ಬರಲಿಕ್ಕೆ.

ಗಂಡು ಪಾಂಡವಪುರದವನು. ಮದುವೆಯೂ ಅಲ್ಲಿಯ ಛತ್ರದಲ್ಲೇ ಎಂದು ಗೊತ್ತಾಗಿತ್ತು. ಮೂರು ವಾರ ಇರುವಾಗ, ಬೀಗರು ಕಳಿಸಿದ ಆರ್ಕೆಸ್ಟ್ರಾದವನು ಬಂದು, “ಸೋಬಾನೆ ಪದಗಳ ಪೆನ್ ಡ್ರೈವ್ ನಮ್ಮತ್ರಾನೇ ಅದೆ ಸಾರ್, ಹೆಣ್ಣನ್ನ ಹಸೆಗೆ ಕರೆಯುವಾಗ ಹಾಕ್ಬುಡ್ತೀವಿ,” ಎಂದ. ಚೈತ್ರ ಅವನಿಗೆ ಕಾಫಿ ಕೊಟ್ಟು ಕಳಿಸಿ, ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

“ಪೆನ್ ಡ್ರೈವ್ ಕರೆದ್ರೆ ನಾನು ಹಸೆಗೆ ಬರಲ್ಲಪ್ಪ. ಅಜ್ಜಿಯರು ಕರೀಬೇಕು. ಇಬ್ರೂ. ಒಟ್ಟಿಗೆ.”

“ಒಬ್ಬರು ಸಾಲದಾ?”

“ಒಬ್ಬರು ಕರೆದ್ರೆ ಇನ್ನೊಬ್ಬರು ಎಲೆ ಅಡಿಕೆ ಹಾಕ್ಕೊಂಡು ಗೋಡೆ ಕಡೆ ತಿರುಗಿ ಕೂರ್ತಾರೆ. ಅದನ್ನ ನೋಡ್ಕೊಂಡು ನಾನು ಮದುವೆ ಆಗಬೇಕಾ?”

ಅವಳು ಅಜ್ಜಿಯರು ಎಂದದ್ದು ನನ್ನ ತಂದೆಯ ಇಬ್ಬರು ತಂಗಿಯರನ್ನು. ದೊಡ್ಡತ್ತೆ ನಿಂಗಮ್ಮನನ್ನು ಕೊಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಗೆ. ಅಲ್ಲಿ ಗುಡ್ಡದ ಮಗ್ಗುಲಲ್ಲಿ ಅವರದು ಮಳೆ ನಂಬಿದ ಬೆದ್ದಲು ಹೊಲ, ರಾಗಿ, ಹುರುಳಿ. ಚಿಕ್ಕತ್ತೆ ಜಯಮ್ಮನನ್ನು ಕೊಟ್ಟಿದ್ದು ಅರಕೆರೆಗೆ. ಅಲ್ಲಿ ನಾಲೆ ನೀರು, ಭತ್ತ, ಕಬ್ಬು. ಇಬ್ಬರೂ ಒಳ್ಳೆಯ ಹಾಡುಗಾರ್ತಿಯರು. ಇಬ್ಬರಿಗೂ ಕಲಿಸಿದವಳು ನಮ್ಮಜ್ಜಿ. ಹೆಣ್ಣನ್ನು ಹಸೆಗೆ ಕರೆಯುವ ಒಂದು ಉದ್ದದ ಪದ ನಮ್ಮಜ್ಜಿಯ ಸ್ವಂತ ಆಸ್ತಿಯ ಹಾಗಿತ್ತು. ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ನಡೆದ ಮೊದಲ ಮದುವೆ ನನ್ನ ತಂಗಿಯದು. ಅಲ್ಲಿ ಇಬ್ಬರೂ ಅತ್ತೆಯರು ಅಕ್ಕಪಕ್ಕ ಕೂತು ಆ ಪದ ಎತ್ತಿಕೊಂಡರು.

ಬಾರವ್ವ ಹಸೆಗೆ, ಬಳೆಸದ್ದು ಮೆಲ್ಲಗೆ
ಊರೆಲ್ಲ ಬಂದು ಕೂತವ್ರೆ – ಚಪ್ಪರದ
ನೇರಳೆ ಸೊಪ್ಪಿನ ನೆರಳಾಗೆ

ಇಷ್ಟರವರೆಗೆ ಎರಡು ದನಿ ಒಂದೇ ನೂಲಿನ ಹಾಗೆ ಬಂತು. ಆಮೇಲೆ ದೊಡ್ಡತ್ತೆ “ನಾಲೆಯ ದಾರಿ ಕೆಸರವ್ವ” ಎಂದರು. ಅದೇ ಉಸಿರಿಗೆ ಚಿಕ್ಕತ್ತೆ “ಗುಡ್ಡದ ದಾರಿ ಬಿಸಿಲವ್ವ” ಎಂದರು. ಎರಡೂ ಡಿಕ್ಕಿ ಹೊಡೆದು ಪದ ನಿಂತುಹೋಯಿತು. ಗಂಡಿನ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ತನ್ನ ಬೆದ್ದಲು ಊರನ್ನು ಬಿಸಿಲು ಎಂದು ಆಡಿಕೊಂಡಳೆಂದು ದೊಡ್ಡತ್ತೆಗೆ ಸಿಟ್ಟು. ತನ್ನ ಊರನ್ನು ಕೆಸರು ಎಂದಳೆಂದು ಚಿಕ್ಕತ್ತೆಗೆ ಸಿಟ್ಟು. ಮಾತುಕತೆ ನಿಲ್ಲಲಿಲ್ಲ, ಹೋಗಿ ಬರುವುದು ನಿಲ್ಲಲಿಲ್ಲ. ಆದರೆ ಆವತ್ತಿನಿಂದ ಇಬ್ಬರೂ ಒಟ್ಟಿಗೆ ಕೂತು ಪದ ಹೇಳಿಲ್ಲ. ಅದಕ್ಕೆ ಮೂವತ್ತು ವರ್ಷವಾಗಿದೆ.

“ದೊಡ್ಡಜ್ಜಿಗೆ ಎಪ್ಪತ್ತೆಂಟು,” ಎಂದಳು ಚೈತ್ರ. “ಇನ್ಯಾರ ಮದುವೆಗೆ ಕಾಯೋಣ?”

ನನ್ನಲ್ಲಿದ್ದದ್ದು ಡಿಫ್ ಒಂದೇ. ಇಬ್ಬರ ಪದವನ್ನೂ ಪೂರ್ತಿ ಬರೆದುಕೊಂಡು, ಯಾರದು ಅಜ್ಜಿಯ ಮೂಲಪಾಠ, ಯಾರದು ಕಲಬೆರಕೆ ಎಂದು ವೈಜ್ಞಾನಿಕವಾಗಿ ತೀರ್ಮಾನಿಸುತ್ತೇನೆ ಎಂದೆ. ಮೂಲಪಾಠ ಎನ್ನುವಾಗ ನನ್ನ ದನಿ ಗಂಭೀರವಾಯಿತಂತೆ. ಒಳಗಿನಿಂದ ನನ್ನ ಹೆಂಡತಿ ನಕ್ಕಳು.

ಮೊದಲು ಸಂತೆಬಾಚಹಳ್ಳಿಗೆ ಹೋದೆ. ದೊಡ್ಡತ್ತೆ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದರು. ಮೊಬೈಲು ಮುಂದಿಟ್ಟು ಪದ ಹೇಳಿ ಎಂದಾಗ ಮೊರ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದರು.

“ಅವಳೇನಾದ್ರೂ ಏಳ್ಕಳ್ಸವ್ಳಾ?”

“ಇಲ್ಲ ಅತ್ತೆ, ನಾನೇ ಬಂದೆ.”

“ಅಂಗಾರೆ ಸರಿ. ಅವಳು ಮದ್ವೆ ಮನೇಲಿ ಬಾಯ್ ಬುಟ್ರೆ ನಾನ್ ಬುಡಾಕಿಲ್ಲ ಕಣ್ಲಾ ಮಂಜ. ನಿನ್ ಮಗಳ ಮೇಲೆ ಆಣೆ ಮಾಡಾಕೆ ನಂಗಿಷ್ಟ ಇಲ್ಲ, ಅದ್ಕೆ ಸುಮ್ನೆ ಏಳ್ತಾವ್ನಿ.”

ಆಮೇಲೆ ಕಣ್ಣು ಮುಚ್ಚಿ, ಒಂದು ಕಡೆಯೂ ತಡವರಿಸದೆ, ಪದ ಪೂರ್ತಿ ಹೇಳಿದರು. ಮಧ್ಯೆ ಒಂದು ಕೋಳಿ ಮೊಬೈಲಿನ ಮೇಲೆ ಕಾಲಿಟ್ಟು ಕೂಗಿದ್ದೂ ಅದರಲ್ಲಿ ದಾಖಲಾಗಿದೆ.

ನಾಲ್ಕು ದಿನ ಬಿಟ್ಟು ಅರಕೆರೆಗೆ ಹೋದೆ. ಚಿಕ್ಕತ್ತೆ ಹಸುವಿಗೆ ಬೂಸಾ ಕಲಸುತ್ತಿದ್ದರು. ಕೈ ತೊಳೆದು ಬಂದವರೇ ಕೇಳಿದ್ದು, “ಮೊದ್ಲು ಎಲ್ಲಿಗೋಗಿದ್ದೆ? ಅಲ್ಲಿಗಾ, ಇಲ್ಲಿಗಾ?”

ನಾನು ಮೊಬೈಲು ಹುಡುಕುವವನಂತೆ ಜೇಬಿಗೆ ಕೈ ಹಾಕಿದೆ.

“ಗೊತ್ತಾಯ್ತು ಬುಡು. ಮುಖದ್ಮೇಲೇ ಬರ್ದದೆ. ಅವಳು ದೊಡ್ಡೋಳು, ಮೊದ್ಲು ಓಗ್ಬೇಕಾದ್ದೇ. ನಾನೇನ್ ಬೇಜಾರ್ ಮಾಡ್ಕಂಡಿಲ್ಲ,” ಎಂದು ಬಹಳ ಬೇಜಾರು ಮಾಡಿಕೊಂಡೇ ಪದ ಹೇಳಿದರು.

ಆ ಕೂಡಲೇ ನಾನು ಹಾಡನ್ನು ಅರ್ಥ ಮಾಡಿಕೊಳ್ಳಬೇಕಿತ್ತು, ನಿಜ. ಆದರೆ ಓದಿದವರಿಗೆ ಒಂದು ಶಾಪವಿದೆ. ಕಿವಿಯ ಮುಂದೆ ಹೆಂಗಸೊಬ್ಬಳು ಹಾಡುತ್ತಿದ್ದರೆ ನಮಗೆ ಕೇಳಿಸುವುದು ಪಾಠಾಂತರ. ನಾನು ಪದವಿಂಗಡಣೆ ಮಾಡುತ್ತಾ, ಎಲ್ಲಿ ಹಕಾರ ಹಾಕಬೇಕು ಎಂದು ಚಿಂತಿಸುತ್ತಾ ಟೈಪು ಮಾಡಿದೆ. ಒಂದು ಫೈಲನ್ನು ಮನೆಯಲ್ಲಿ, ಇನ್ನೊಂದನ್ನು ಕರೆಂಟು ಹೋದ ದಿನ ನಯಾಜನ ಅಂಗಡಿಯಲ್ಲಿ. ಅವನ ಅಂಗಡಿಯಲ್ಲೇ ಕೂತು ಡಿಫ್ ಹಾಕಿದೆ.

ಪರದೆ ತುಂಬಿ ಹರಿಯಿತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೂ ಬಿಡದೆ ಎಲ್ಲವೂ ಬೇರೆ ಬೇರೆ. ‘ಬಾರವ್ವ ಹಸೆಗೆ’ ಕೂಡ ಬೇರೆ. ಇಬ್ಬರೂ ಒಟ್ಟಿಗೆ ಹಾಡಿದ್ದ ಮೂರು ಸಾಲನ್ನು ನಾನು ಕಿವಿಯಾರೆ ಕೇಳಿದ್ದೆ. ಅಥವಾ ಕೇಳಿದ್ದೆ ಎಂದುಕೊಂಡಿದ್ದೆನೋ?

ನಯಾಜ್ ಬಂದು ಬಗ್ಗಿ ನೋಡಿದ. ಹಣೆ ಚಚ್ಚಿಕೊಂಡ.

“ಯಾ ಅಲ್ಲಾ! ಮನೇಲಿ ಹೊಸ ಫಾಂಟಲ್ಲಿ ಹೊಡೆದಿದ್ದೀರಿ, ಇಲ್ಲಿ ಪಹಣಿ ಕಾಲದ ಹಳೇ ಫಾಂಟಲ್ಲಿ ಹೊಡೆದಿದ್ದೀರಿ. ನಮ್ಮ ಕಣ್ಣಿಗೆ ಎರಡೂ ಕನ್ನಡ, ಅದರ ಹೊಟ್ಟೇಲಿ ಒಂದು ಕನ್ನಡ, ಒಂದು ಕಸ. ಅತ್ತೆಯರದ್ದೇನೂ ತಪ್ಪಿಲ್ಲ ಸಾರ್, ಅವರ ಅಳಿಯನದ್ದು.”

ಅವನು ಎರಡನ್ನೂ ಒಂದೇ ಫಾಂಟಿಗೆ ತಂದ. ಮತ್ತೆ ಹಾಕಿದೆ. ಈಗ ಇಪ್ಪತ್ತು ಕಡೆ ವ್ಯತ್ಯಾಸ. ಅದರಲ್ಲಿ ಹದಿಮೂರು ನನ್ನವೇ. ಒಂದು ಫೈಲಿನಲ್ಲಿ ಅತ್ತೆಯ ಮಾತನ್ನು ತಿದ್ದಿ ಶುದ್ಧ ಮಾಡಿದ್ದೆ, ಇನ್ನೊಂದರಲ್ಲಿ ತಿದ್ದಲು ಮರೆತಿದ್ದೆ. ಅವನ್ನು ಸರಿಪಡಿಸಿದ ಮೇಲೆ ಉಳಿದದ್ದು ಏಳು.

ಏಳರ ಮುಂದೆ ಕೂರುವ ಮೊದಲು ಇನ್ನೊಂದು ಆಸೆ ಹುಟ್ಟಿತು. ಎಂ.ಎ. ಓದುವಾಗ ಇದೇ ಪದವನ್ನು ನಾನು ನೆನಪಿನಿಂದ ಬರೆದು ಪ್ರಬಂಧವೊಂದಕ್ಕೆ ಸೇರಿಸಿದ್ದೆ. ಚಿಕ್ಕತ್ತೆಯ ಮದುವೆಯ ಚಪ್ಪರದಲ್ಲಿ ಆರು ವರ್ಷದ ನಾನು ಕಂಬ ತಬ್ಬಿ ನಿಂತು ಕೇಳಿದ ಪಾಠ ಅದು. ಅದರಲ್ಲಿ ‘ಕಂಬದ ನವಿಲು ಕೂಗ್ಯಾವು’ ಎಂಬ ಸಾಲನ್ನು ನಮ್ಮ ಪ್ರಾಧ್ಯಾಪಕರು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಮೆಚ್ಚಿದ್ದರು. ಆ ಪ್ರಬಂಧವನ್ನೂ ಹುಡುಕಿ ಟೈಪು ಮಾಡಿ, ಅತ್ತೆಯರ ಎರಡೂ ಫೈಲುಗಳೊಂದಿಗೆ ಹೋಲಿಸಿದೆ. ನವಿಲು ಇಬ್ಬರಲ್ಲೂ ಇಲ್ಲ. ನವಿಲಿನ ಹಿಂದಿನ ಸಾಲೂ ಇಲ್ಲ, ಮುಂದಿನದೂ ಇಲ್ಲ. ಚಿಕ್ಕತ್ತೆಗೆ ಫೋನ್ ಮಾಡಿ ಕೇಳಿದೆ.

“ನವಿಲಾ? ಯಾವ್ ನವಿಲ್ಲಾ? ನನ್ ಮದ್ವೇಲಿ ನೀನು ಪದ ಎಲ್ಲ್ ಕೇಳ್ದೆ? ಸಿಹಿ ಬೂಂದಿ ತಿಂದು ಪಾತ್ರೆ ಕೋಣೇಲಿ ಬಿದ್ಕಂಡಿದ್ದೆ. ನಿನ್ನ ಹುಡುಕಾಕೆ ನಿಮ್ಮಪ್ಪ ಬಾವಿಗೆ ಪಾತಾಳಗರಡಿ ಬುಡೋದ್ರಲ್ಲಿದ್ದ!”

ನನ್ನ ಎಂ.ಎ. ಪದವಿಯ ಒಂದು ಭಾಗ ಆ ನವಿಲಿನ ಬೆನ್ನ ಮೇಲೆ ನಿಂತಿದೆ. ಅದನ್ನು ಹಿಂದಿರುಗಿಸುವ ಕ್ರಮ ಹೇಗೆಂದು ನಾನಿನ್ನೂ ವಿಚಾರಿಸಿಲ್ಲ.

ಹಾಗಾಗಿ ಏಳು ವ್ಯತ್ಯಾಸಗಳ ಮುಂದೆ ಕೂತಾಗ ನನಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಮೊದಲನೆಯದು ಗೊತ್ತಿದ್ದದ್ದೇ, ಕೆಸರು ಮತ್ತು ಬಿಸಿಲು. ನಯಾಜ್ ಗಲ್ಲಾದ ಮೇಲೆ ಮೊಣಕೈಯೂರಿ ಓದಿಸಿಕೊಂಡ. ಅತ್ತೆಯರ ಜಗಳದ ಕಥೆ ಕೇಳಿದ. “ಆಮೇಲಿನ ಸಾಲು ಓದಿ ಸಾರ್,” ಎಂದ.

ದೊಡ್ಡತ್ತೆಯ ಫೈಲಿನಲ್ಲಿ ಹೀಗಿತ್ತು:

ನಾಲೆಯ ದಾರಿ ಕೆಸರವ್ವ ನನ ಕಂದ
ಮೇಲಕೆ ಹಿಡಿಯೆ ನಿರಿಗೆಯ – ನಿಮ್ಮಕ್ಕ
ಕಾಲನು ತೊಳೆದು ಕಳಿಸ್ಯಾಳು

ನಯಾಜ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದ, “ಬೈಯೋಕೆ ಹೇಳಿದ್ದಾದ್ರೆ ಕಾಲು ಯಾಕೆ ತೊಳೀತಾರೆ ಸಾರ್?”

ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ. ಕೇಳುವಂತೆಯೂ ಇರಲಿಲ್ಲ. ಏಕೆಂದರೆ ಆವತ್ತು ಪದ ಈ ನುಡಿಯ ಮೊದಲ ಸಾಲಿನಲ್ಲೇ ಮುರಿದುಬಿದ್ದಿತ್ತು. ಕೆಸರು ಎಂಬಲ್ಲಿಗೆ ಚಿಕ್ಕತ್ತೆ ಕೇಳುವುದನ್ನು ನಿಲ್ಲಿಸಿದ್ದರು, ಬಿಸಿಲು ಎಂಬಲ್ಲಿಗೆ ದೊಡ್ಡತ್ತೆ. ನಾವೂ ಅಷ್ಟಕ್ಕೇ ಎದ್ದುಹೋಗಿದ್ದೆವು. ನಮ್ಮ ಇಡೀ ಮನೆತನ ಸಿಎಂಪಿ ಹಾಕಿಕೊಂಡು ಕೂತಿತ್ತು.

ನನಗೆ ಈಗ ಬೇರೆ ಭಯ. ಕಾಲು ತೊಳೆಯುವ ಸಾಲೂ ನನ್ನ ನವಿಲೇ ಆಗಿದ್ದರೆ? ಧ್ವನಿಮುದ್ರಿಕೆ ಹಾಕಿ ಮೂರು ಸಲ ಕೇಳಿದೆ. ಕೋಳಿ ಕೂಗಿದ ಮೇಲೆ ದೊಡ್ಡತ್ತೆಯ ದನಿ ಸ್ಪಷ್ಟವಾಗಿ ಕಾಲು ತೊಳೆಯುತ್ತಿತ್ತು. ಚಿಕ್ಕತ್ತೆಯದನ್ನೂ ಕೇಳಿದೆ. ಉಳಿದ ಆರು ಕಡೆಯ ವ್ಯತ್ಯಾಸಗಳನ್ನು ಒಂದು ಹಾಳೆಯಲ್ಲಿ ಬರೆದು ಜೇಬಿಗೆ ಹಾಕಿಕೊಂಡೆ. ಏಳೂ ಒಂದೇ ಜಾತಿಯವಾಗಿದ್ದವು. ದಾರಿ, ಊರು, ಬೆಳೆ, ಜೊತೆಗೆ ಹೋಗುವವರು. ದೊಡ್ಡತ್ತೆಯ ಬಾಯಲ್ಲಿ ಏಳು ಕಡೆಯೂ ಅರಕೆರೆ. ಚಿಕ್ಕತ್ತೆಯ ಬಾಯಲ್ಲಿ ಏಳು ಕಡೆಯೂ ಸಂತೆಬಾಚಹಳ್ಳಿ.

ಬಳೆ ಶಾಸ್ತ್ರದ ದಿನ ಇಬ್ಬರೂ ನಮ್ಮ ಮನೆಗೆ ಬಂದರು. ಬಳೆಗಾರ ಮಧ್ಯಾಹ್ನದ ಮೇಲೆ ಬರುವವನಿದ್ದ. ಹಿತಕಿದ ಅವರೆಕಾಳಿನ ಸಾರು ಮಾಡಲೆಂದು ನನ್ನ ಹೆಂಡತಿ ನೆನೆಸಿದ ಕಾಳನ್ನು ಸಿಪ್ಪೆ ಬಿಡಿಸಲು ತಂದಿಟ್ಟಳು. ಒಂದೇ ಪಾತ್ರೆ, ಎರಡು ಕಡೆ ಇಬ್ಬರು. ಬೆನ್ನಿಗೆ ಬೆನ್ನು ಹಾಕಿ ಕೂತು, ಕೈ ಮಾತ್ರ ಹಿಂದಕ್ಕೆ ಚಾಚಿ ಕಾಳು ತೆಗೆದುಕೊಳ್ಳುತ್ತಿದ್ದರು. ನಾನು ಹಾಳೆ ಹಿಡಿದು ಎದುರಿಗೆ ಕೂತೆ. ಎದುರು ಎಂದರೆ ಒಬ್ಬರಿಗೆ ಎದುರು, ಇನ್ನೊಬ್ಬರ ಬೆನ್ನಿಗೆ.

“ದೊಡ್ಡತ್ತೆ, ಈ ‘ನಾಲೆಯ ದಾರಿ’ ನಿಮಗೆ ಕಲಿಸಿದ್ದು ಯಾರು?”

“ಯಾರ್ಲಾ ಕಲಿಸ್ತಾರೆ? ಅವ್ವ.”

“ಯಾವಾಗ?”

“ಯಾವಾಗ ಅಂದ್ರೆ... ಇವಳ ಮದ್ವೇಲಿ. ಚಪ್ಪರದಲ್ಲಿ ಅವ್ವ ಎತ್ಕೊಟ್ಟಂಗೆ ನಾವು ಇಂದ್ಗಡೆಯಿಂದ ಏಳ್ತಿದ್ದೋ.”

ಬೆನ್ನ ಹಿಂದೆ ಚಿಕ್ಕತ್ತೆಯ ಕೈ ನಿಂತಿತು. “ನನ್ ಮದ್ವೇಲಾ?”

“ಇನ್ಯಾರ್ ಮದ್ವೇಲೇ? ಅರಕೆರೆಗೆ ಇನ್ಯಾರ್ನ ಕೊಟ್ಟಿದ್ದೋ? ನೀನು ಹಸೆ ಮೇಲೆ ಮೂಗು ಸುರಿಸ್ಕಂಡು ಅಳ್ತಾ ಕೂತಿದ್ದೆ. ನಿಂಗೇನ್ ಕೇಳ್ತದೆ?”

ಚಿಕ್ಕತ್ತೆ ಪೂರ್ತಿ ತಿರುಗಿ ಕೂತರು. “ಹಂಗಾರೆ ಗುಡ್ಡದ ದಾರಿ... ಅಕ್ಕ, ಅದು ನಿನ್ ಮದ್ವೇದು ಕಣೆ. ನಂಗಾಗ ಹತ್ತು ವರ್ಷ. ಅವ್ವನ ಸೆರಗು ಇಡ್ಕಂಡು ನಾನೂ ಏಳಿದ್ದೆ. ನಾನ್ ಕಲಿತ ಮೊದಲ್ನೇ ಪದವೇ ಅದು.”

“ನನ್ ಮದ್ವೇಲಿ ಬಿಸಿಲು ಅಂದ್ರಾ?”

“ಬಿಸಿಲು ಅಂದ್ರು. ಆಮ್ಯಾಕಿಂದು ಕೇಳು.” ಅವರೆಸಿಪ್ಪೆ ಅಂಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕತ್ತೆ ಮೆಲ್ಲಗೆ ಹೇಳಿದರು:

ಗುಡ್ಡದ ದಾರಿ ಬಿಸಿಲವ್ವ ನನ ಕಂದ
ಅಡ್ಡಾಡಬ್ಯಾಡ ಬರಿಗಾಲ – ಬೆನ್ನಿಂದೆ
ದೊಡ್ಡಣ್ಣ ಕೊಡೆಯ ಹಿಡಿದಾನು

ದೊಡ್ಡತ್ತೆ ಇನ್ನೂ ತಿರುಗಿರಲಿಲ್ಲ. ಗೋಡೆಯ ಕಡೆಗೇ ನೋಡುತ್ತಾ, “ಇನ್ನೊಂದ್ ಕಿತ ಏಳು,” ಎಂದರು. ಚಿಕ್ಕತ್ತೆ ಹೇಳಿದರು. “ಇನ್ನೊಂದ್ ಕಿತ.” ಮತ್ತೆ ಹೇಳಿದರು.

“ಅಣ್ಣ ಕೊಡೆ ಇಡ್ಕಂಡಿದ್ದ ಕಣ್ಲಾ ಮಂಜ,” ಎಂದರು ದೊಡ್ಡತ್ತೆ ನನಗೆ. ಅಣ್ಣ ಎಂದರೆ ನನ್ನ ತಂದೆ, ಈಗಿಲ್ಲ. “ಸಂತೆಬಾಚಹಳ್ಳಿ ತನಕ ಗಾಡಿ ಇಂದೆ ನಡ್ಕಂಡೇ ಬಂದ. ಅವ್ವ ಅದನ್ನೂ ಮೊದ್ಲೇ ಪದಕ್ಕೆ ಸೇರ್ಸಿದ್ಲಾ? ನಂಗೆ ಗೊತ್ತೇ ಇಲ್ವಲ್ಲ.”

ಹಸೆಯ ಮೇಲೆ ಕೂತವಳು ಪದ ಹೇಳುವಂತಿಲ್ಲ. ತಲೆ ತಗ್ಗಿಸಿ ಅಳುವವಳ ಕಿವಿಗೆ ಅದು ಬೀಳುವುದೂ ಇಲ್ಲ. ನಮ್ಮಜ್ಜಿ ಪ್ರತಿ ಹೆಣ್ಣಿಗೂ ಅವಳ ದಾರಿ ನೋಡಿ ಹೊಸ ಸಾಲು ಕಟ್ಟುತ್ತಿದ್ದಳು. ಅದನ್ನು ಕಲಿತು ಉಳಿಸಿಕೊಂಡವಳು ಹಿಂದೆ ನಿಂತು ದನಿಗೂಡಿಸಿದ ಒಡಹುಟ್ಟು. ಅಕ್ಕನ ಮದುವೆ ತಂಗಿಯ ಬಾಯಲ್ಲಿತ್ತು, ತಂಗಿಯ ಮದುವೆ ಅಕ್ಕನ ಬಾಯಲ್ಲಿತ್ತು. ಮೂಲಪಾಠ ಹುಡುಕುವುದನ್ನು ನಾನು ಅಲ್ಲಿಗೇ ಬಿಟ್ಟೆ. ಹಾಳೆಯಲ್ಲಿದ್ದ ಉಳಿದ ಆರು ಕಡೆಯನ್ನು ಓದಿದೆ. ಒಂದೊಂದಕ್ಕೂ ಇಬ್ಬರೂ ಒಬ್ಬರಿಗೊಬ್ಬರು ತಮ್ಮ ಪಾಲಿನದನ್ನು ಹೇಳಿ ಮುಗಿಸಿದರು. ಆರನೆಯದರ ಹೊತ್ತಿಗೆ ದೊಡ್ಡತ್ತೆ, “ನಿಂಗೆ ಅಂತ ಅವ್ವ ಅಕ್ಕಿ ಅಂದವ್ಳೆ, ನಂಗೆ ಉಳ್ಳಿಕಾಳು ಅಂದವ್ಳೆ. ಆಗ್ಲೇ ಇತ್ತು ನೋಡು ಭೇದ,” ಎಂದು ಬೈಯಲು ಶುರು ಮಾಡಿದ್ದರು. ಆಗ ನನಗೆ ಸಮಾಧಾನವಾಯಿತು.

ಅವರೆಸಾರು ಆವತ್ತು ತಡವಾಯಿತು. ಬಳೆಗಾರ ಬಂದು ಎರಡು ಲೋಟ ಕಾಫಿ ಕುಡಿದು ಕಾಯುತ್ತಿದ್ದ.

ಪಾಂಡವಪುರದ ಛತ್ರದಲ್ಲಿ ಆರ್ಕೆಸ್ಟ್ರಾದವನಿಗೆ ಪೆನ್ ಡ್ರೈವ್ ಜೇಬಿನಲ್ಲೇ ಇಟ್ಟುಕೊಳ್ಳಲು ಹೇಳಿದೆವು. ಇಬ್ಬರು ಅತ್ತೆಯರೂ ಹಸೆಯ ಪಕ್ಕ ಜಮಖಾನೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ವಿಡಿಯೋದವನು, “ಅಜ್ಜಿ, ಸ್ವಲ್ಪ ಈ ಕಡೆ,” ಎಂದ. ದೊಡ್ಡತ್ತೆ, “ನೀನೇ ಬಾರ್ಲಾ ಈ ಕಡೀಕೆ,” ಎಂದರು. ಚೈತ್ರ ಬಂದು ತಲೆ ತಗ್ಗಿಸಿ ಕೂತಳು. ‘ಬಾರವ್ವ ಹಸೆಗೆ’ ಎಂದು ಎರಡು ದನಿ ಎದ್ದವು. ವಯಸ್ಸಿಗೆ ಬಿರುಕು ಬಿಟ್ಟಿದ್ದರೂ ಒಂದೇ ಎಳೆ. ನಾನು ಕಂಬ ಹಿಡಿದು ನಿಂತಿದ್ದೆ. ಇದನ್ನು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಖಚಿತ ಮಾಡಿಕೊಳ್ಳಲು ಒಮ್ಮೆ ಕಂಬವನ್ನು ಚಿವುಟಿಯೂ ನೋಡಿದೆ.

ನೇರಳೆ ಸೊಪ್ಪಿನ ನೆರಳಿನವರೆಗೂ ಬಂದು ಪದ ನಿಂತಿತು.

ಸಭೆಯಲ್ಲಿ ನಮ್ಮ ಕಡೆಯವರೆಲ್ಲ ಕತ್ತು ಚಾಚಿ ನೋಡಿದರು. ನನ್ನ ತಂಗಿ ನನ್ನ ತೋಳು ಹಿಡಿದಳು. ಆದರೆ ಇದು ಡಿಕ್ಕಿಯಲ್ಲ. ಅಕ್ಕ ಮೊದಲು ಹೇಳಲಿ ಎಂದು ತಂಗಿ, ತಂಗಿ ಹೇಳಲಿ ಎಂದು ಅಕ್ಕ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕಾಯುತ್ತಿದ್ದರು.

“ನೀನೇಳೆ.”

“ನೀನ್ ದೊಡ್ಡೋಳು. ನೀನೇಳು.”

“ಯಾವ್ದೇಳನ? ನಿಂದಾ, ನಂದಾ?”

ಆಗ ಹಸೆಯ ಮೇಲಿದ್ದ ಮದುವಣಗಿತ್ತಿ ತಲೆಯೆತ್ತಿದಳು. ಬಾಸಿಂಗ ಸರಿಪಡಿಸಿಕೊಂಡು, “ನಂದು ಹೇಳಿ ಅಜ್ಜಿ. ನಾನು ಅಳಲ್ಲ, ಕೇಳಿಸ್ಕೋತೀನಿ,” ಎಂದಳು.

ದೊಡ್ಡತ್ತೆ ಒಂದು ಗಳಿಗೆ ಕಣ್ಣು ಮುಚ್ಚಿದರು. ಬೆಳಿಗ್ಗೆ ಛತ್ರಕ್ಕೆ ಬರುವಾಗ ರಸ್ತೆ ತುಂಬ ಕಬ್ಬು ತುಂಬಿದ ಟ್ರಾಕ್ಟರುಗಳು ನಿಂತು ನಮ್ಮ ವ್ಯಾನು ಒಂದು ಗಂಟೆ ತಡವಾಗಿತ್ತು. ಮೊದಲ ಸಾಲನ್ನು ಅವರು ಎತ್ತಿದರು, ಎರಡನೆಯದನ್ನು ಚಿಕ್ಕತ್ತೆ ಹಿಡಿದರು, ಮೂರನೆಯದು ಯಾರದೆಂದು ನಾನು ಆಣೆ ಮಾಡಿ ಹೇಳಲಾರೆ.

ಸಾಲಾಗಿ ನಿಂತಾವೆ ಕಬ್ಬಿನ ಟ್ರಾಕ್ಟರು
ಕಾಲೆತ್ತಿ ನೋಡಿ ದಾಟವ್ವ – ನಿನ ಗಂಡ
ಹಾಲಿಟ್ಟು ಕಾಯ್ತಾನೆ ಒಲೆ ಮುಂದೆ

ಬೀಗರ ಕಡೆಯ ಹೆಂಗಸರು ಗೊಳ್ಳೆಂದರು. ಗಂಡಿನ ತಾಯಿ, “ನಮ್ಮುಡುಗನ್ನ ಒಲೆ ಮುಂದೆ ಕೂರುಸ್ಬುಟ್ರಲ್ಲವ್ವ!” ಎಂದರು. ಅಳಿಯ ಕೆಂಪಗಾದ. ಚೈತ್ರ ಬಾಯಿ ಮುಚ್ಚಿಕೊಳ್ಳದೆ, ತಲೆ ತಗ್ಗಿಸದೆ ನಕ್ಕಳು. ಕಣ್ಣು ಒರೆಸಿಕೊಂಡು, ಕೈ ಬೆರಳನ್ನು ಸುತ್ತಿ ತೋರಿಸಿ, ಇನ್ನೊಂದು ಸಲ ಹೇಳಿ ಎಂದು ಅಜ್ಜಿಯರಿಗೆ ಸನ್ನೆ ಮಾಡಿದಳು.